ಎಷ್ಟು ಹೇಳಲಿ

‘ಎಷ್ಟು ಹೇಳಲಿ?’ ಅಂತ ಕೇಳಿದೆ ಹೊಲಿಗೆ ಮಿಷನ್ನನ್ನು.
ಅಮ್ಮನ ಕಾಲದ್ದು ಅದು, ತೊಟ್ಟು ಎಣ್ಣೆ ಬಿಟ್ಟರೆ
ಯಾವತ್ತೂ ಏನನ್ನೂ ಕೇಳಿದ್ದಿಲ್ಲ.

ಬಂದಾಕೆ ಜಯಲಕ್ಷ್ಮೀಪುರದವರು.
ಬೊಂತೆಯನ್ನು ಹಾಸಿ, ಮಗುಚಿ,
ಹಿಂಬದಿಯ ಗಂಟುಗಳನ್ನು ಬೆರಳಲ್ಲಿ ಸವರಿ
‘ಕೈಹೊಲಿಗೆಯಾ?’ ಅಂದರು.
ಕೈಯೇ. ಅಂಚು ಮಾತ್ರ ಮಿಷನ್ನು.
‘ಎಷ್ಟು ದಿನ ಹಿಡೀತು?’

ದಿನ ಅಂತ ಹೇಗೆ ಹೇಳೋದು?
ಕುಕ್ಕರಿನ ಎರಡನೇ ಸೀಟಿಗೂ ಮೂರನೆಯದಕ್ಕೂ ನಡುವೆ
ಒಂದು ಗೇಣು.
ಕರೆಂಟು ಹೋದ ಸಂಜೆ ಮೆಟ್ಟಿಲ ಮೇಲೆ
ಒಂದು ಮೊಳ.
ಅತ್ತೆಯವರು ಕೆ.ಆರ್. ಆಸ್ಪತ್ರೆಯಲ್ಲಿದ್ದ ಒಂಬತ್ತು ರಾತ್ರಿ
ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು
ಆ ನೀಲಿ ಭಾಗ ಪೂರ್ತಿ.
ಅದನ್ನು ಯಾವ ರೇಟಿಗೆ ಹಾಕಲಿ?

ಬಟ್ಟೆಗೇನೂ ಖರ್ಚಿಲ್ಲ, ನಿಜ ಹೇಳಬೇಕೆಂದರೆ.
ಮಂಡಿ ಮೊಹಲ್ಲಾದ ಜಬೀಉಲ್ಲಾ ಸಾಹೇಬರು
ಕತ್ತರಿಸಿ ಉಳಿದದ್ದನ್ನು ಚೀಲದಲ್ಲಿ ತುಂಬಿಟ್ಟಿರುತ್ತಾರೆ:
ಶಾಲೆ ಯೂನಿಫಾರಮ್ಮಿನ ಚೂರು,
ಬ್ಯಾಂಡಿನವರ ಕೆಂಪು ಕೋಟಿನ ತೋಳು,
ಯಾರದೋ ಮದುವೆ ಬ್ಲೌಸಿನ ಬಗಲ ತುಂಡು.
‘ಕಸ ತಗೊಂಡು ಹೋಗ್ತೀರಿ, ನಾನೇ ದುಡ್ಡು ಕೊಡಬೇಕು ನಿಮಗೆ’
ಎಂದು ನಗುತ್ತಿದ್ದವರು, ಮಾರುತ್ತೇನೆಂದು ತಿಳಿದ ವಾರ
ಚೀಲಕ್ಕೆ ನಲವತ್ತು ಅಂದರು.
ಸರಿಯೇ.

ಹಿಂದಿನ ರಾತ್ರಿ ಮನೆಯವರು
ಹರಿದ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಲೆಕ್ಕ ಬರೆದರು,
ರೈಲ್ವೆ ವರ್ಕ್‌ಶಾಪಿನ ದುಂಡನೆಯ ಅಕ್ಷರ:
ನೂಲು ನೂರಿಪ್ಪತ್ತು.
ಒಳಹಾಸು ಹಳೇ ಸೀರೆ, ಸೊನ್ನೆ.
ಕೂಲಿ
ಎಂದು ಬರೆದು, ಪೆನ್ನು ನಿಲ್ಲಿಸಿ
ನನ್ನ ಮುಖ ನೋಡಿದರು.
ಮೂವತ್ತೊಂದು ವರ್ಷದಲ್ಲಿ ಮೊದಲ ಸಲ
ಆ ಪದದ ಪಕ್ಕ ನನ್ನ ಮುಖ.

ಎರಡು ಸಾವಿರ ಅನ್ನೋಣವೆಂದು ಬಾಯಿ ತೆರೆದರೆ
‘ಸಾವಿರದೆಂಟುನೂರು’ ಅಂತ ಬಂತು.
ಅಭ್ಯಾಸವಿಲ್ಲದ ನಾಲಿಗೆ
ತನ್ನ ಜೊತೆ ತಾನೇ ಚೌಕಾಸಿ ಮಾಡಿಕೊಂಡಿತು.
ಆಕೆ ಮರುಮಾತಿಲ್ಲದೆ ಎಣಿಸಿಕೊಟ್ಟರು.
ಅಯ್ಯೋ, ಮೂರು ಹೇಳಬಹುದಿತ್ತು!
ಗೇಟು ಹಾಕಿಕೊಂಡ ಸದ್ದಿನ ಬೆನ್ನಿಗೇ ಆ ಯೋಚನೆ.
ನಿನ್ನೆಯವರೆಗೆ ಇಂಥದ್ದೊಂದು ನನ್ನೊಳಗಿರಲಿಲ್ಲ.

ಪಾತ್ರೆ ತೊಳೆಯುತ್ತಿದ್ದ ಕೆಂಪದೇವಮ್ಮ
ನಲ್ಲಿ ನಿಲ್ಲಿಸಿದಳು.
‘ಎಷ್ಟುಕ್ ಕೊಟ್ರಿ ಅಕ್ಕೋ?’
ಹೇಳಿದೆ.
‘ನಮ್ಮವ್ವ ಹಿಂಗೇ ಹೊಲೀತಿತ್ತು.
ಏಳ್ ಜನ ಮಕ್ಕಳು ಅದ್ರೊಳಗೇ ಮನೀಕತಿದ್ದೋ,
ಉಚ್ಚೆ ಹುಯ್ಕಂಡು, ಒದ್ದಾಡ್ಕಂಡು.
ಸಾವ್ರದೆಂಟ್ನೂರಾ!’

ಅಂಚಿನ ಮಡಿಕೆ, ಮೂಲೆಯಲ್ಲಿ
ಮೂರುಮೂಲೆ ಚೂರು ಕೂರಿಸುವ ಉಪಾಯ,
ತೋರಿಸಿಕೊಟ್ಟದ್ದು ಇವಳೇ,
ಇದೇ ಹಿತ್ತಿಲಲ್ಲಿ, ಸೋಪಿನ ಕೈಯಲ್ಲೇ.
ಹವ್ಯಾಸ ಅಂದಿದ್ದೆ ನಾನು ಅದಕ್ಕೆ.
ಅವಳ ಅವ್ವನಿಗೆ ಆ ಪದ ಗೊತ್ತಿರಲಿಲ್ಲ.
ಗೊತ್ತಿದ್ದದ್ದು ಚಳಿ.

ಐನೂರು ತೆಗೆದು ಮುಂದೆ ಹಿಡಿದೆ.
ನೋಟನ್ನು ನೋಡಿದಳು, ನನ್ನನ್ನು ನೋಡಿದಳು.
‘ಇದ ಮಡಿಕ್ಕಳಿ. ಮುಂದ್ಲುದ್ದ ಇಬ್ರೂ ಸೇರ್ಕಂಡ್ ಹೊಲಿಯವ,
ಅರ್ಧ ನಂದು ಅರ್ಧ ನಿಮ್ದು.
ರೇಟ್ ಮಾತ್ರ ನಾನ್ ಯೋಳ್ತೀನಿ.
ನಿಮಗ್ ಬಾಯಿಲ್ಲ.’

ಈಗ ಮಧ್ಯಾಹ್ನ ಎರಡಕ್ಕೆ ಕ್ಯಾತಮಾರನಹಳ್ಳಿಯಿಂದ ಬರುತ್ತಾಳೆ,
ತನ್ನದೇ ಸೂಜಿ, ಬೀಡಿ ಡಬ್ಬಿಯಲ್ಲಿ.
ಬೆಳಗಿನ ಪಾತ್ರೆಗಳು ಯಾರ ಪಾಲಿಗೆ
ಎನ್ನುವುದು ಇನ್ನೂ ತೀರ್ಮಾನವಾಗಿಲ್ಲ,
ಅದರ ಮಾತು ನಾನೂ ಎತ್ತಿಲ್ಲ, ಅವಳೂ ಎತ್ತಿಲ್ಲ.

ಮೊನ್ನೆ ಬಂದವರಿಗೆ ಕಣ್ಣು ಮಿಟುಕಿಸದೆ
ಮೂರೂವರೆ ಸಾವಿರ ಅಂದಳು.
‘ಯೋಚಿಸಿ ಹೇಳ್ತೀವಿ’ ಎಂದು ಅವರು ಎದ್ದರು.
ನನಗೆ ಎದೆ ಡವಗುಟ್ಟಿತು.
‘ಓಗ್ಲಿ ಬುಡಿ,’ ಅಂತ ಅವಳು ನೆಲದ ಮೇಲೆ
ಹಾಸಿದ್ದ ಬೊಂತೆಯ ನಡುಮಧ್ಯಕ್ಕೆ ಬಂದು
ಮಲಗಿದಳು, ಒಬ್ಬಳೇ,
ಎರಡೂ ಕಾಲು ಉದ್ದಕ್ಕೆ ಚಾಚಿ.